ಟವೆಲಿನ ಕೆಳಗಿನ ನಾಲ್ಕನೇ ಬೆರಳು

ಆನೇಮಹಲ್‌ನ ಹೈವೇ ಪಕ್ಕದ ಆ ಹೋಟೆಲಿನ ಹಿತ್ತಲಿಗೆ ನಾನು ಹೋಗಿದ್ದು ಕೈ ತೊಳೆಯಲು. ಸೋಪು ಹುಡುಕುತ್ತಿದ್ದಾಗ ಶೆಡ್ಡಿನ ಮಬ್ಬಿನೊಳಗಿಂದ, ಬಿಳಿ ಕುದುರೆಯ ಮೇಲೆ ಒಂಟಿ ಕಾಲಲ್ಲಿ ನಿಂತ ಸರ್ಕಸ್ಸಿನ ಹೆಂಗಸೊಬ್ಬಳು ನನ್ನನ್ನು ನೋಡಿ ನಕ್ಕಳು. ಕುದುರೆಯ ಹೊಟ್ಟೆಯ ತನಕ ಈರುಳ್ಳಿ ಮೂಟೆ. ನೊರೆ ಮೆತ್ತಿದ ಕೈಯಲ್ಲೇ ನಿಂತುಬಿಟ್ಟೆ. ಅವಳನ್ನು ನೋಡಿ ನಲವತ್ತು ವರ್ಷವಾಗಿರಬೇಕು. ಅವಳಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. ವೆರಿ ಅನ್‌ಫೇರ್.

ಅದು ನಮ್ಮ ಪ್ಲಾಂಟರ್ಸ್ ಕ್ಲಬ್ಬಿನಲ್ಲಿದ್ದ ಪಿನ್‌ಬಾಲ್ ಮಷೀನು, ಅವಳು ಅದರ ಹಿಂದಿನ ಗಾಜಿನ ಮೇಲಿನ ಚಿತ್ರ. ನೋಡದವರಿಗೆ ಹೇಳಬೇಕೆಂದರೆ, ಕಾಲು ಕೊಟ್ಟ ಇಳಿಜಾರು ಪೆಟ್ಟಿಗೆ, ಮೇಲೆ ಗಾಜು, ಒಳಗೊಂದು ಉಕ್ಕಿನ ಗುಂಡು. ಬಲಗಡೆಯ ಸ್ಪ್ರಿಂಗ್ ಹಿಡಿ ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹಾರಿ, ಗಂಟೆಗಳಿಗೆಲ್ಲ ಬಡಿದು, ಮತ್ತೆ ಕೆಳಗೆ ಉರುಳುತ್ತದೆ. ಅದು ತೂತಿಗೆ ಬೀಳುವ ಮೊದಲು ಪೆಟ್ಟಿಗೆಯ ಎರಡು ಪಕ್ಕದ ಬಟನ್ ಒತ್ತಿ, ಪುಟ್ಟ ರೆಕ್ಕೆಗಳಿಂದ ಹೊಡೆದು ವಾಪಸ್ಸು ಮೇಲಕ್ಕೆ ಅಟ್ಟಬೇಕು. ಅಷ್ಟೇ ಆಟ. ಹೇಳುವಷ್ಟು ಸುಲಭವಲ್ಲ.

ಶನಿವಾರ ಸಂಜೆ ಗಂಡಸರು ಬಾರಿನ ಕಡೆ, ಹೆಂಗಸರು ಲೇಡೀಸ್ ರೂಮಿನ ಕಡೆ. ಕಾನ್ವೆಂಟಿನ ಇಂಗ್ಲಿಷ್ ಇದ್ದುದರಿಂದ ನನ್ನನ್ನು ರಮ್ಮಿ ಟೇಬಲ್ಲಿಗೆ ಕೂರಿಸಿಕೊಂಡಿದ್ದರು. ಪ್ರತಿ ವಾರವೂ ಒಳ್ಳೆಯ ಉಚ್ಚಾರಣೆಯಲ್ಲಿ ಸೋಲುತ್ತಿದ್ದೆ. ನನ್ನ ಓರಗಿತ್ತಿ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಮಗ್ಗೆಯ ಕಡೆಯವರು. ಅವರ ತಂದೆ ದನದ ವ್ಯಾಪಾರ ಮಾಡುತ್ತಿದ್ದವರು. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕ ರಮ್ಮಿ ಟೇಬಲ್ಲಿನ ಕಡೆ ಒಂದು ಸಲ ನೋಡಿ, "ಕುಂತ್ಕಂಡು ಸೋಲೋ ಬದ್ಲು ನಿಂತ್ಕಂಡು ಗೆಲ್ತೀನಿ ಬುಡೇ" ಎಂದು ಆ ಮಷೀನಿನ ಮುಂದೆ ಹೋಗಿ ನಿಂತವರು, ಎಷ್ಟೋ ವರ್ಷ ಅಲ್ಲಿಂದ ಕದಲಲಿಲ್ಲ. ಅವರನ್ನು ಸೋಲಿಸಿದವರಿಲ್ಲ. ಬಾರಿನಿಂದ ಗಂಡಸರು ಗ್ಲಾಸು ಹಿಡಿದು ಬಂದು ಟ್ರೈ ಮಾಡಿ, ಮಷೀನೇ ಸರಿಯಿಲ್ಲ ಎಂದು ಹೋಗುತ್ತಿದ್ದರು. ಆಮೇಲೆ ಕ್ಲಬ್ಬಿನವರು ರಿನೊವೇಶನ್ ಮಾಡಿದರು, ಮಷೀನು ಮಾರಿದರು. ಅಕ್ಕ ಕ್ಲಬ್ಬಿಗೆ ಬರುವುದನ್ನು ನಿಲ್ಲಿಸಿದರು.

ಈಗ ನಾವಿಬ್ಬರೂ ವಿಧವೆಯರು. ಹೊಂಗಡಹಳ್ಳದ ದಾರಿಯಲ್ಲಿರುವ ತೋಟದಲ್ಲಿ ಅಕ್ಕನ ಮಗ ಸೊಸೆಯ ಜೊತೆ ಇದ್ದೇವೆ. ಕಳೆದ ದೀಪಾವಳಿಯ ಹೊತ್ತಿಗೆ ಅಕ್ಕನಿಗೆ ಲಕ್ವ ಹೊಡೆಯಿತು. ಕಾಲು ಬೇಗ ಸರಿಹೋಯಿತು. ನಾಲಿಗೆಗೆ ಏನೂ ಆಗಲಿಲ್ಲ, ಥ್ಯಾಂಕ್ ಗಾಡ್, ಸ್ವಲ್ಪ ಆಗಿದ್ದರೂ ಸೊಸೆ ಬೇಡ ಎನ್ನುತ್ತಿರಲಿಲ್ಲ. ಬಲಗೈ ಮಾತ್ರ ಹಾಗೇ ಉಳಿಯಿತು. ಹೆಬ್ಬೆರಳು, ಮೊದಲೆರಡು ಬೆರಳು ಒಂದಿಷ್ಟು ಮಾತು ಕೇಳುತ್ತಿದ್ದವು. ಉಂಗುರದ ಬೆರಳು, ಕಿರುಬೆರಳು ಕೇಳುತ್ತಿರಲಿಲ್ಲ. ಈ ಕೆಲವು ತಿಂಗಳಲ್ಲಿ ಕೆಲಸ ಕೊಟ್ಟರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರ್. ಫಿಸಿಯೋಥೆರಪಿಯ ಹುಡುಗಿ, ದಿನಕ್ಕೆ ಇನ್ನೂರು ಸಲ ಹಿಚುಕಿ ಅಜ್ಜಿ ಎಂದು ನಗುವ ಮುಖದ ಹಳದಿ ಸ್ಪಂಜಿನ ಚೆಂಡು ಕೊಟ್ಟಳು. ಅಕ್ಕ ಅದನ್ನು ಎಡಗೈಯಲ್ಲಿ ನಾಯಿಗೆ ಎಸೆದರು.

ಇದರಲ್ಲಿ ನಗುವುದಕ್ಕಾಗದ ಒಂದು ಸಂಗತಿ ಇತ್ತು. ಅಕ್ಕ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದರು. ಎಡಗೈಯಲ್ಲಿ ಸ್ಪೂನ್ ಹಿಡಿದು ತಿನ್ನುವುದನ್ನು ಯಾರೂ ನೋಡಬಾರದು. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂರುತ್ತಿದ್ದರು. ತಟ್ಟೆಗೆ ಸ್ಪೂನ್ ತಾಗುವ ಸದ್ದು ಹಾಲಿಗೆ ಕೇಳುತ್ತಿತ್ತು. ಆ ಸದ್ದೇ ನನ್ನನ್ನು ಈ ವ್ಯಾಪಾರಕ್ಕೆ ಇಳಿಸಿದ್ದು.

ನನಗೆ ಚೌಕಾಸಿ ಬರುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಅದು ಲೇಡಿಯರ ಲಕ್ಷಣವಲ್ಲ ಎಂದಿದ್ದರು. ಅವರು ಒಂದು ದಿನವೂ ಸಕಲೇಶಪುರದ ಸಂತೆಗೆ ಹೋದವರಲ್ಲ. ಹೋಟೆಲಿನ ಯಜಮಾನ ಐವತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಕೆಂಪು ಅಂಚಿನ ಟವೆಲು. ಸ್ವಂತಕ್ಕೆ ಮೂರು ಎಕರೆ ಕಾಫಿಯೂ ಇತ್ತಂತೆ. ಪೇಟೆಯಲ್ಲಿ ವಿಡಿಯೋ ಗೇಮ್ ಅಂಗಡಿ ಮುಚ್ಚಿದವರಿಂದ ನಾಲ್ಕು ಮಷೀನು ಒಟ್ಟಿಗೆ ಎತ್ತಿಕೊಂಡಿದ್ದ. ಮೂರು ವಿಡಿಯೋ ಗೇಮು, ಒಂದು ನಮ್ಮ ಸರ್ಕಸ್ಸಿನವಳು.

"ಎಕ್ಸ್‌ಕ್ಯೂಸ್ ಮಿ, ಇದು ಫಾರ್ ಸೇಲಾ?" ಎಂದೆ.

ಅವನು ನನ್ನನ್ನೂ ಹೊರಗಿದ್ದ ಕಾರನ್ನೂ ನೋಡಿದ. "ನಾಕೂ ಸೇರಿ ಆದ್ರೆ ಮಾತಾಡಣ ಅಮ್ಮಾವ್ರೆ."

"ನನಗೆ ಒಂದೇ ಸಾಕು."

"ಒಂದ್ನೇ ಕೊಟ್ರೆ ಉಳ್ದವು ಹೋಗಲ್ಲ. ನೀವು ಕಾಫಿ ಮಾರ್ವಾಗ ದಪ್ಪ ಬೀಜ ಮಾತ್ರ ಆರ್ಸಿ ಕೊಡ್ತೀರಾ?"

ಮಷೀನಿನ ಬಗ್ಗೆ ಫೋನಿನಲ್ಲಿ ಓದಿಕೊಂಡು ಹೋಗಿದ್ದರೆ ಚೆನ್ನಾಗಿತ್ತು ಎನಿಸಿ, ಮನೆಗೆ ಬಂದು ಓದಿ, ನೀಟಾಗಿ ಪಟ್ಟಿ ಮಾಡಿಕೊಂಡು ಎರಡು ದಿನ ಬಿಟ್ಟು ಮತ್ತೆ ಹೋದೆ. ಒರಿಜಿನಲ್ ಗ್ಲಾಸಾ, ಕಾಯಿಲ್ ಬದಲಾಯಿಸಿದ್ದಾರಾ, ರಬ್ಬರ್ ಕಂಡೀಶನ್ ಹೇಗಿದೆ ಎಂದು ಒಂದೊಂದಾಗಿ ಕೇಳಿದೆ. ಮೊದಲ ಪ್ರಶ್ನೆಗೆ ಎಪ್ಪತ್ತು ಸಾವಿರವಿದ್ದ ಬೆಲೆ ಮೂರನೇ ಪ್ರಶ್ನೆಗೆ ತೊಂಬತ್ತಾಯಿತು. ಇಷ್ಟು ಓದಿಕೊಂಡು ಬಂದವಳು ಬಿಟ್ಟು ಹೋಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು.

ಕೊನೆಗೆ ಬಲಪಕ್ಕದ ಮರದ ಮೇಲಿದ್ದ ಗೀರುಗಳನ್ನು ತೋರಿಸಿದೆ. "ನೋಡಿ, ಎಷ್ಟು ಸ್ಕ್ರ್ಯಾಚು! ಇದಕ್ಕಾದರೂ ಕಡಿಮೆ ಮಾಡಬೇಕು."

"ಯಾವ್ಳೋ ಕೈತುಂಬ ಬಳೆ ಹಾಕ್ಕಂಡು ಆಡವ್ಳೆ ಕಣಮ್ಮ. ನಾನೇನ್ ಮಾಡ್ಲಿ?"

ಯಾವಳು ಎಂದು ನನಗೆ ಗೊತ್ತಿತ್ತು. ಅಕ್ಕನ ಬಳೆಯ ಗುರುತನ್ನೇ ತೋರಿಸಿ ಬೆಲೆ ಇಳಿಸುತ್ತಿದ್ದೇನಲ್ಲ ಎಂದು ಒಂದು ಥರ ಆಯಿತು. ಗಾಬರಿಯಲ್ಲಿ ನಿಜ ಹೇಳಿಬಿಟ್ಟೆ. "ನೋಡಿ, ಆಟಕ್ಕಲ್ಲ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ, ಅವರಿಗೆ ಒಳ್ಳೆಯದಾಗಲಿ ಅಂತ."

ಅವನು ಟವೆಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಹಂಗಾದ್ರೆ ಇದು ಔಷ್ದಿ ಆಯ್ತು. ಔಷ್ದಿಗೆ ಯಾರಾದ್ರೂ ಚೌಕಾಸಿ ಮಾಡ್ತಾರಾ ಅಮ್ಮಾವ್ರೆ?"

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಔಷಧಿಯ ಮಾತನ್ನು ಬಿಟ್ಟು. ಅಕ್ಕ ಸೆರಗಿನೊಳಗಿಂದ ಕೈ ತೆಗೆಯದೆ ಕೇಳಿಸಿಕೊಂಡರು.

"ಸರ್ಕಸ್ನೋಳು ಇನ್ನೂ ಅವ್ಳಾ?"

"ಇದ್ದಾಳೆ ಅಕ್ಕ. ಈರುಳ್ಳಿ ಮೂಟೆ ಹಿಂದೆ."

"ಎಷ್ಟ್ ಅಂದ?"

"ತೊಂಬತ್ತು."

"ಬಾಯಲ್ಲಿ ರೇಟ್ ಕೇಳಿದ್ಯಾ? ಜನದ ಮುಂದೆ?" ಅಕ್ಕ ಹಣೆ ಚಚ್ಚಿಕೊಂಡರು, ಎಡಗೈಯಲ್ಲಿ. "ಬಾಯಲ್ಲಿ ಒಂದ್ಸಲ ಅಂದ್ಮೇಲೆ ಅವ್ನು ಹೆಂಗೆ ಇಳೀತಾನೆ, ಮರ್ಯಾದೆ ಬ್ಯಾಡ್ವಾ ಅವ್ನಿಗೆ? ನಾಳೆ ನಾನ್ ಬತ್ತೀನಿ ನಡಿ."

ಮರುದಿನ ಅಕ್ಕ ಜರಿಯಂಚಿನ ಸೀರೆ ಉಟ್ಟು ಹೊರಟರು. ಹೋಟೆಲಿನ ಶೆಡ್ಡಿನಲ್ಲಿ ಮಷೀನಿನ ಮುಖವನ್ನೇ ನೋಡಲಿಲ್ಲ. ಕೊಳ್ಳುವ ಎತ್ತನ್ನು ನೇರವಾಗಿ ನೋಡಬಾರದಂತೆ. ಈರುಳ್ಳಿಯ ರೇಟು ಕೇಳಿದರು, ಯಜಮಾನನ ಊರು ಕೇಳಿದರು, ಅವನ ತಾತನೂ ತಮ್ಮ ತಂದೆಯೂ ಒಂದೇ ಜಾತ್ರೆಯಲ್ಲಿ ದನ ಕಟ್ಟುತ್ತಿದ್ದರೆಂದು ಕಂಡುಹಿಡಿದರು. ಅರ್ಧ ಗಂಟೆಯಲ್ಲಿ ಅಮ್ಮಾವ್ರು ಹೋಗಿ ಅಕ್ಕ ಆಯಿತು. ಆಮೇಲೆ, "ಟವಲ್ ಹಾಕು ಮಾರಾಯ" ಎಂದರು.

ಅವನ ಮುಖ ಅರಳಿತು. ದನದ ವ್ಯಾಪಾರದಲ್ಲಿ ಕೊಳ್ಳುವವರು ಮಾರುವವರು ಕೈಗೆ ಕೈ ಕೊಟ್ಟು ಮೇಲೆ ಟವೆಲು ಮುಚ್ಚುತ್ತಾರೆ. ಎದುರಿನವರ ಬೆರಳು ಎಷ್ಟು ಹಿಡಿದರೋ ಬೆಲೆ ಅಷ್ಟು. ಬಾಯಲ್ಲಿ ಸಂಖ್ಯೆ ಬರಕೂಡದು, ಸುತ್ತ ನಿಂತವರಿಗೆ ತಿಳಿಯಕೂಡದು. "ಬೆರಳಿಗೆ ಹತ್ತು" ಎಂದು ಅಕ್ಕ ಮೊದಲೇ ಹೇಳಿದರು, ಅಂದರೆ ಒಂದು ಬೆರಳಿಗೆ ಹತ್ತು ಸಾವಿರ. ಟವೆಲು ಬಿತ್ತು. ಆಗಷ್ಟೇ ನನಗೆ ಹೊಳೆದಿದ್ದು, ಅಕ್ಕ ಅದರ ಕೆಳಗೆ ಇಟ್ಟಿದ್ದು ಬಲಗೈಯನ್ನು. ಎಡಗೈ ಕೊಟ್ಟರೆ ವ್ಯಾಪಾರಕ್ಕೇ ಅವಮಾನ.

ಟವೆಲು ಒಂದು ಮೂಲೆಯಲ್ಲಿ ಅಲುಗಿತು. ಯಜಮಾನ ಬೆಚ್ಚಿದ. "ಅಕ್ಕಾ! ತಮಾಸೆ ಮಾಡ್ಬ್ಯಾಡಿ."

"ನೀನ್ ಹೇಳಪ್ಪ."

ಅವನು ಬೆರಳಲ್ಲೇ ತನ್ನದು ಹೇಳಿದ, ಅಕ್ಕ ತಮ್ಮದು ಹೇಳಿದರು. ಅವನು ಇಳಿದ, ಅಕ್ಕ ಅಲ್ಲೇ. ಅಕ್ಕನ ಹಣೆಯಲ್ಲಿ ಬೆವರು ಕಾಣಿಸಿತು. ಅವನು ಅದನ್ನು ಹಟ ಎಂದುಕೊಂಡ. "ಕಲ್ಲು ಕಣಕ್ಕ ನೀವು. ಸ್ವಲ್ಪನಾದ್ರೂ ಜಗ್ಗಿ." ಅಕ್ಕ ಕಣ್ಣು ಮಿಟುಕಿಸಲಿಲ್ಲ. ಅವನು ಸೀಲಿಂಗ್ ನೋಡಿದ, ಈರುಳ್ಳಿ ನೋಡಿದ, ನನ್ನನ್ನು ನೋಡಿದ. "ಆಯ್ತು ಬುಡಿ. ನಮ್ ತಾತನ ಮುಖ ನೋಡ್ಕಂಡು ಕೊಟ್ಟೆ. ಸಾಗ್ಸೋ ಖರ್ಚು ನಿಮ್ದು." ಟವೆಲು ತೆಗೆದ.

ಅಕ್ಕ ನನ್ನ ಕಡೆ ತಿರುಗಿ, "ನಲವತ್ತು ಕೊಡೇ" ಎಂದರು.

"ಮೂವತ್ತು" ಎಂದ ಯಜಮಾನ.

ಚೌಕಾಸಿಯಲ್ಲಿ ಕೊಳ್ಳುವವರು ಮೇಲೆ ಹೋಗಿ ಮಾರುವವರು ಕೆಳಗಿಳಿದಿದ್ದನ್ನು ನಾನು ಅವತ್ತೇ ನೋಡಿದ್ದು.

"ನಾಕು ಬೆಳ್ಳು ಹಿಡ್ದಿದ್ದು ನಾನು!"

"ಮೂರೇ ಹಿಡ್ದಿದ್ದು ಕಣಕ್ಕ. ಮೂರು ಸಲನೂ ಮೂರೇ. ಹಿಡಿಸ್ಕಂಡೋನು ನಾನಲ್ವಾ?"

"ನಾಕು ಅಂದ್ರೆ ನಾಕು. ನನ್ ಕೈ ನಂಗೆ ಗೊತ್ತಿಲ್ವಾ?"

"ಟವಲ್ ಕೆಳ್ಗೆ ಏನು ಸಿಕ್ತೋ ಅದೇ ಬೆಲೆ. ಒಂದು ರೂಪಾಯಿ ಜಾಸ್ತಿ ಈಸ್ಕಂಡ್ರೂ ನಾನ್ ಟವಲ್ ಹಾಕೋ ಹಂಗಿಲ್ಲ!"

ಇಬ್ಬರ ದನಿಯೂ ಏರಿತು. ಹೋಟೆಲಿನ ಗಿರಾಕಿಗಳು ಇಡ್ಲಿ ತಟ್ಟೆ ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದರು. ನಾನು ಮಧ್ಯೆ ಹೋಗಿ, "ಲೆಟ್ ಅಸ್ ಬಿ ರೀಸನಬಲ್, ಮೂವತ್ತೈದು?" ಎಂದೆ. ಇಬ್ಬರೂ ನನ್ನ ಕಡೆ ತಿರುಗಿದ ರೀತಿಗೆ ಬಾಯಿ ಮುಚ್ಚಿಕೊಂಡೆ. ಅರ್ಧ ಬೆರಳು ಎಂಬುದು ಯಾರಿಗಿರುತ್ತದೆ?

ಮೂವತ್ತು ಎಂದು ಒಪ್ಪಿದರೆ ಅವನ ನಾಲ್ಕನೇ ಬೆರಳಿನ ಸುತ್ತ ತಮ್ಮ ಕೈ ಮುಚ್ಚಲಿಲ್ಲ ಎಂದು ಒಪ್ಪಿದಂತೆ. ಅದಕ್ಕಿಂತ ಹತ್ತು ಸಾವಿರ ಜಾಸ್ತಿ ಕೊಡುವುದೇ ಅಕ್ಕನಿಗೆ ಅಗ್ಗ. ಯಜಮಾನ ಅಕ್ಕನ ಕೈಯನ್ನೇ ನೋಡುತ್ತಿದ್ದ. ಅದು ಸೆರಗಿನೊಳಕ್ಕೆ ಹೋಗುತ್ತಿತ್ತು. ಅವನಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಔಷಧಿಗೆ ಚೌಕಾಸಿಯೇ ಎಂದು ಅವತ್ತು ತಾನಂದಿದ್ದು ನೆನಪಾಯಿತೋ ಏನೋ, ಕಿವಿ ಕೆರೆದುಕೊಂಡ.

"ಒಂದ್ ಕೆಲ್ಸ ಮಾಡಣ ಅಕ್ಕ" ಎಂದ ಮೆತ್ತಗೆ. "ಈಗ ಮೂರು ಕೊಡಿ. ಕಾಫಿ ಹೂವಾದ್ಮೇಲೆ ನಾನೇ ಬತ್ತೀನಿ. ಇನ್ನೊಂದ್ಸಲ ಟವಲ್ ಹಾಕಣ. ನಾಕು ಸಿಕ್ಕಿದ್ರೆ ನಾಕು."

ಅಕ್ಕ ಸೆರಗು ಸರಿಮಾಡಿಕೊಂಡರು. ಆಮೇಲೆ, "ಬಾ. ಬೆಳ್ಳು ಗಟ್ಟಿ ಮಾಡ್ಕಂಡ್ ಬಾ" ಎಂದರು.

ಪಿಕಪ್ಪಿನಲ್ಲಿ ಗೋಣಿ ಹಾಸಿ ಸರ್ಕಸ್ಸಿನವಳನ್ನು ತಂದೆವು. ಹಾಲಿಗೆ ಬೇಡ ಎಂದಳು ಸೊಸೆ. ಕಾಫಿ ಸ್ಟೋರಿನಲ್ಲಿ ಮೂಟೆಗಳ ಪಕ್ಕ ಇಟ್ಟೆವು. ಪಂಪ್‌ಸೆಟ್ ರಿಪೇರಿಯವನು ಎರಡು ದಿನ ಒದ್ದಾಡಿ ದೀಪ ಹತ್ತಿಸಿದ. ಕೆಳಗಿನ ತೋಟದವರು ಮೋಟಾರ್ ಹಾಕಿದಾಗಲೆಲ್ಲ ವೋಲ್ಟೇಜ್ ಇಳಿದು ರೆಕ್ಕೆಗಳು ಸುಸ್ತಾಗುತ್ತಿದ್ದವು. ಅಕ್ಕ ಸ್ಟೋರಿನಿಂದಲೇ ಅವರಿಗೆ ಬೈಯುತ್ತಿದ್ದರು.

ಮೊದಲ ದಿನ ಅಕ್ಕ ಆಡಲಿಲ್ಲ. ಬಳೆಯ ಗೀರುಗಳ ಮೇಲೆ ಕೈಯಾಡಿಸಿ ಬಂದರು. ಎರಡನೇ ದಿನ ಎಡಗೈಯನ್ನು ಅಡ್ಡ ತಂದು ಸ್ಪ್ರಿಂಗ್ ಎಳೆದರು. ಬಲಗಡೆಯ ರೆಕ್ಕೆ ಏಳುವಷ್ಟರಲ್ಲಿ ಗುಂಡು ತೂತಿನಲ್ಲಿರುತ್ತಿತ್ತು. ಹದಿನೈದು ದಿನ ನಾನು ಗೆದ್ದೆ! ಜೀವಮಾನದಲ್ಲಿ ಮೊದಲ ಸಲ ಗೆದ್ದೆ. ಸ್ವಲ್ಪ ಜಾಸ್ತಿಯೇ ಹೇಳಿಕೊಂಡಿರಬೇಕು, ಅಕ್ಕ ಬೆಳಿಗ್ಗೆ ಕಾಫಿಗೂ ಮೊದಲು ಸ್ಟೋರಿನ ಬೀಗದ ಕೈ ಕೇಳಲು ಶುರುಮಾಡಿದರು. ಇನ್ನೂರು ಸಲ ಹಿಚುಕಬೇಕಿದ್ದ ಕೈ ಅಲ್ಲಿ ಎಷ್ಟು ಸಲ ಒತ್ತುತ್ತಿತ್ತೋ ಲೆಕ್ಕ ಇಟ್ಟವರಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಕೂಲಿ ಪುಸ್ತಕ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. "ತಡಿಯೋ, ಗುಂಡು ಮ್ಯಾಲೈತೆ" ಎನ್ನುತ್ತಿದ್ದರು ಅಕ್ಕ. ಒಂದು ದಿನ ಅವರು ಸ್ಪ್ರಿಂಗನ್ನು ಬಲಗೈಯಲ್ಲಿ ಎಳೆಯುವುದನ್ನು ಕಂಡೆ. ಕಂಡಿದ್ದೇನೆಂದು ಹೇಳಲಿಲ್ಲ. ಆ ವಾರದಿಂದ ನಾನು ಗೆಲ್ಲಲೇ ಇಲ್ಲ.

ಮಾರ್ಚಿನಲ್ಲಿ, ಕಾಫಿ ಹೂವಾದ ವಾರ ಯಜಮಾನ ಸ್ಕೂಟರಿನಲ್ಲಿ ಬಂದ. ಜಗಲಿಯಲ್ಲಿ ಎದುರುಬದುರು ಕೂತರು. ಟವೆಲು ಬಿತ್ತು. ಸೊಸೆ ಅಕ್ಕಿರೊಟ್ಟಿ ತಟ್ಟುವುದು ಬಿಟ್ಟು ಬಾಗಿಲಿಗೆ ಬಂದಳು.

ಯಜಮಾನ ತಲೆ ಅಲ್ಲಾಡಿಸಿದ. "ಇಲ್ಲ ಕಣಕ್ಕ. ಮೂರೇ. ಹೋಗ್ಲಿ ಬುಡಿ, ಆ ಬೆಲೆನೇ ಸರಿ ಅಂತ ದೇವ್ರೇ..."

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ತಕ್ಷಣ ತಿಳಿಯಿತು. ಹತ್ತು ಸಾವಿರ ಬಿಟ್ಟುಬಿಡಲು ಒಳ್ಳೆಯ ಮನಸ್ಸಿನಿಂದ ಬಂದಿದ್ದ, ಪಾಪ. ಅಕ್ಕನಿಗೂ ತಿಳಿಯಿತು. ಟವೆಲು ಒಂದಿಷ್ಟು ಬಿಗಿಯಾಯಿತು, ಅಷ್ಟೇ.

"ಅಕ್ಕಾ."

"ಎಷ್ಟು?"

"ಮೂ... ಅಯ್ಯಯ್ಯೋ! ನಾಕು! ನಾಕು ಕಣಕ್ಕ, ಬುಡಿ, ಉಂಗುರ ಒತ್ತೈತೆ!"

"ಎಲ್ರಿಗೂ ಕೇಳಂಗೆ ಹೇಳು."

"ನಾಕೂ!" ಎಂದು ಕೂಗಿದ. ಸ್ಟೋರಿನ ಹತ್ತಿರ ಮಲಗಿದ್ದ ನಾಯಿ ಎದ್ದು ಬೊಗಳಿತು.

ಅಕ್ಕ ಸೊಂಟದ ಚೀಲದಿಂದ ಹತ್ತು ಸಾವಿರ ತೆಗೆದು ಅವನ ಮುಂದಿಟ್ಟರು. ಬಲಗೈಯಲ್ಲೇ. ಅವನು ಬೆರಳು ಉಜ್ಜಿಕೊಳ್ಳುತ್ತಾ ತೆಗೆದುಕೊಂಡ, ಇನ್ನೇನು ಮಾಡಿಯಾನು?

"ಊಟ ಮಾಡ್ಕಂಡ್ ಹೋಗು. ರೊಟ್ಟಿ ಐತೆ" ಎಂದು ಅಕ್ಕ ಎದ್ದು ಒಳಗೆ ಬಂದರು. ಎಲ್ಲರ ಜೊತೆ ಟೇಬಲ್ಲಿಗೆ ಕೂತರು. ಸೊಸೆ ಅಭ್ಯಾಸಬಲದಿಂದ ತಟ್ಟೆಯ ಪಕ್ಕ ಸ್ಪೂನ್ ಇಟ್ಟಳು. ಅಕ್ಕ ಅದನ್ನು ನನ್ನ ಕಡೆ ತಳ್ಳಿದರು.

"ತಗೋ ಕಣೇ, ನೀನು ಕಾನ್ವೆಂಟ್ನೋಳು" ಎಂದು ರೊಟ್ಟಿ ಮುರಿದರು. ತುಂಡು ಒಂದು ಸಲ ಬೆರಳಿನಿಂದ ಜಾರಿತು. ಯಾರೂ ನೋಡಲಿಲ್ಲ, ಅಥವಾ ಎಲ್ಲರೂ ತಮ್ಮ ತಮ್ಮ ತಟ್ಟೆಯಲ್ಲಿ ಬಹಳ ಕೆಲಸವಿರುವವರ ಹಾಗೆ ಬಗ್ಗಿದೆವು. ಎರಡನೇ ಸಲ ಬಾಯಿಗೆ ಹೋಯಿತು.