ಕದಿರೇಶನ ಕಿವಿ
ಶ್ರೀನಿವಾಸಪುರದಲ್ಲಿ ಕಂಪ್ಯೂಟರ್ ದುರಸ್ತಿಗೆ ಕದಿರೇಶನನ್ನು ಕರೆಸಿದವರೆಲ್ಲರೂ ಮೊದಲು ಓದಿನ ಪರೀಕ್ಷೆ ಎದುರಿಸಬೇಕು. ಅವನು ಪೆಟ್ಟಿಗೆಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಾನೆ. ಫ್ಯಾನಿನ ಸದ್ದಿನಿಂದಲೇ ಯಂತ್ರದ ವಯಸ್ಸನ್ನೂ ಯಜಮಾನನ ಜಿಪುಣತನವನ್ನೂ ಹೇಳಬಲ್ಲನೆಂದು ಮಾವಿನ ಮಂಡಿಯವರ ನಂಬಿಕೆ. ಆದರೆ ಪರದೆಯ ಕಡೆಗೆ ತಿರುಗಿಯೂ ನೋಡುವವನಲ್ಲ. “ಏನ್ ಬರ್ದೈತೆ, ನೀವೇ ಗಟ್ಟಿಯಾಗಿ ಓದಿ. ಮಿಷನ್ ನಿಮ್ದು, ಕಲೀಬೇಕು” ಎಂದು ಗದರುತ್ತಾನೆ. ೨೦೦೩ನೆಯ ಇಸವಿ ಅಕ್ಟೋಬರ್ ೬, ಸೋಮವಾರ, ಲಗ್ನಪತ್ರಿಕೆ ಅಚ್ಚುಮಾಡುವ ಸಂಹಿತಾ ಅವನನ್ನು ಕರೆಸಿದಳು. ಶುಕ್ರವಾರ ಒಳಗಿನ ಬಿಲ್ಲೆಯಂಥ ಸೆಲ್ ಬದಲಾಯಿಸಿದಂದಿನಿಂದ ಅವಳ ಯಂತ್ರ ಏಳಲು ಮೂರು ನಿಮಿಷ ಹಿಡಿಯುತ್ತಿತ್ತು. ಕದಿರೇಶ್ ಆಲಿಸಿ, ಕೀಲಿಯೊಂದನ್ನೊತ್ತಿ ಪರದೆಯ ಮೇಲೆ ಸೆಟ್ಟಿಂಗುಗಳ ಪಟ್ಟಿ ತೆರೆದ. “ಸೆಲ್ ತೆಗ್ದಾಗ ಹಳೇ ಸೆಟ್ಟಿಂಗ್ ಮರ್ತೈತಮ್ಮಾ. ಏಳೋಕ್ ಮೊದ್ಲು ಖಾಲಿ ಫ್ಲಾಪೀಲಿ ಹುಡುಕ್ತಾ ಕೂತೈತೆ. ಪರ್ವಾಲೇದು, ಸರಿಹೋಗ್ತೈತೆ, ಸಾಲುಸಾಲಾಗಿ ಓದಿ.” “ಕಣ್ಮುಂದೇನೇ ಐತಲ್ಲಣ್ಣಾ, ನೀವೇ ನೋಡ್ಬಾರ್ದಾ?” ಎಂದು ಅವಳು ನಕ್ಕಳು. ಅವನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಕಿವಿಯಾನಿಸಲು ಬಾಗಿದಾಗ ಅವನ ಜೇಬಿನಿಂದ ಜಾರಿದ ಪುಟ್ಟ ಪುಸ್ತಕ ನೆಲದ ಮೇಲೆ ತೆರೆದುಕೊಂಡಿತ್ತು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಒಂದೊಂದು ಸದ್ದಿಗೂ ಗುರುತಾಗಿ ಗೆರೆ, ಚುಕ್ಕಿ, ಅಲೆ. ಅವನಿಗೆ ಓದು ಬಾರದೆಂದು ಊರಿಗೆ ತಿಳಿದರೆ ಮರುದಿನದಿಂದ ಅವನನ್ನು ಯಾರೂ ಕರೆಸುತ್ತಿರಲಿಲ್ಲ. ಸಂಹಿತಾ ಪುಸ್ತಕವನ್ನು ಮುಚ್ಚಿ ಅವನ ಕೈಗಿತ್ತು, ಪರದೆಯನ್ನು ಮೊದಲ ಸಾಲಿನಿಂದ ನಿಧಾನವಾಗಿ ಓದತೊಡಗಿದಳು. ಐದನೆಯ ಸಾಲಿನಲ್ಲಿ ಫ್ಲಾಪಿಯ ಹೆಸರು ಬಂದದ್ದೇ ಅವನು “ಅದೇ, ನಿಲ್ಸಿ” ಎಂದು ಕೀಲಿಯೊತ್ತಿ ಅದನ್ನು ಬದಲಿಸಿದ. ಯಂತ್ರ ನಲವತ್ತು ಸೆಕೆಂಡಿಗೆ ಎದ್ದಿತು. “ನೋಡಿದ್ರಾ? ಓದ್ಬೇಕು ಅನ್ನೋದು ಇದಕ್ಕೇ” ಎಂದು ಅವನು ಎಂದಿನಂತೆ ಗದರಿದ. “ಕಲ್ತೆ ಕಣಣ್ಣಾ” ಎಂದಳು ಸಂಹಿತಾ.