ಉಮರಾಕ ಹೋಗಿಬರುತ್ತಿದ್ದ ನಾಡು

ಬೆಟ್ಟ ಹತ್ತುವಾಗ ಉಮರಾಕ ಉಸಿರು ಬಿಗಿಹಿಡಿಯುತ್ತಿದ್ದರು. ಹತ್ತುತ್ತಿದ್ದವನು ಟಿ.ವಿ.ಯೊಳಗಿನ ಮನುಷ್ಯ. ಉಮರಾಕ ಕುಳಿತಿರುತ್ತಿದ್ದುದು ಮಡಂತ್ಯಾರಿನ ತಮ್ಮ ಮನೆಯ ಸಾಗುವಾನಿ ಸೋಫಾದಲ್ಲಿ, ಬಿಳಿ ಮುಂಡನ್ನು ಮೊಣಕಾಲಿಗೆ ಎತ್ತಿಕಟ್ಟಿ, ಓದುವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು. ಆದರೂ ಒಳಗಿನವನ ಕಾಲು ಜಾರಿದರೆ ಹೊರಗಿನವರ ಕಾಲ್ಬೆರಳುಗಳು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತಿದ್ದವು. ಅವನು ಎಡಕ್ಕೆ ವಾಲಿದರೆ ಇವರೂ ಎಡಕ್ಕೆ. ಕೊನೆಗೆ ಅವನು ತುದಿ ಮುಟ್ಟಿದ ಮೇಲೆ ಹೆಗಲ ಬೈರಾಸಿನಿಂದ ಹಣೆ ಒರೆಸಿಕೊಂಡು, "ಅಬ್ಬ! ಐಸಮ್ಮಾ, ಒಂದು ಗ್ಲಾಸು ನೀರು ಕೊಡು" ಎಂದು ಹೆಂಡತಿಯನ್ನು ಕರೆಯುತ್ತಿದ್ದರು. ಐಸಮ್ಮ ನೀರು ತಂದಿಟ್ಟು, "ನೀರು ಅವನಿಗಾ, ನಿಮಗಾ?" ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಪೂರ್ಣ ಹೆಸರು ಉಮರಬ್ಬ. ನಮ್ಮ ಪಕ್ಕದ ಮನೆ. ಅರ್ಧ ಆಯುಷ್ಯವನ್ನು ಸೌದಿಯ ದಮ್ಮಾಮಿನ ಒಂದು ಬಟ್ಟೆಯಂಗಡಿಯಲ್ಲಿ ಕಳೆದು ಊರಿಗೆ ಬಂದವರು. ನಾನು ಬೆಳ್ತಂಗಡಿಯ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಊರಿನವರೊಡನೆಲ್ಲ ತುಳುವಿನಲ್ಲಿ ಮಾತಾಡುತ್ತಿದ್ದ ಅವರು ನನ್ನೊಡನೆ ಮಾತ್ರ ಕನ್ನಡಕ್ಕೆ ಬದಲಾಗುತ್ತಿದ್ದರು. ಕನ್ನಡ ಮಾಷ್ಟ್ರೊಡನೆ ತುಳು ಮಾತಾಡುವುದೆಂದರೆ ಡಾಕ್ಟರರ ಮುಂದೆ ನಾಟಿಮದ್ದಿನ ಸುದ್ದಿ ತೆಗೆದ ಹಾಗೆ ಎಂದು ಅವರ ಅಭಿಪ್ರಾಯ.

ಗಲ್ಫ್ ಹೇಗಿತ್ತು ಎಂದು ಒಮ್ಮೆ ಕೇಳಿದ್ದೆ. ಮರಳುಗಾಡು, ಒಂಟೆ, ದೊಡ್ಡ ದೊಡ್ಡ ರಸ್ತೆ ಇತ್ಯಾದಿಗಳನ್ನು ನಿರೀಕ್ಷಿಸಿದ್ದೆ. ಅವರು ಸ್ವಲ್ಪ ಯೋಚಿಸಿ, "ರೂಮಿಂದ ಅಂಗಡಿಗೆ ಒಂದು ಗಲ್ಲಿ ಉಂಟು ಮಾಷ್ಟ್ರೇ. ಅದು ನನಗೆ ಒಳ್ಳೆ ಗೊತ್ತುಂಟು" ಎಂದರು.

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ದುಬಾಯಿಯಲ್ಲಿರುವ ಮಗ ರಜೆಗೆ ಬಂದಾಗ ತಂದಿದ್ದ. ಹೋಗುವಾಗ ಅದನ್ನು ಮುಟ್ಟಬೇಡಿ ಎಂದು ತಂದೆಗೆ ತಾಕೀತು ಮಾಡಿ ಹೋದ. ತಾಕೀತು ಮಾಡದೆ ಹೋಗಿದ್ದರೆ ಉಮರಾಕ ಅದನ್ನು ಟಿ.ವಿ.ಯ ಸ್ಟೆಬಿಲೈಸರ್ ಎಂದೇ ತಿಳಿದಿರುತ್ತಿದ್ದರು. ಹೀಗೆ ಮುಟ್ಟಿದವರಿಗೆ ಒಂದು ನಾಡು ಸಿಕ್ಕಿತು. ಬೆಟ್ಟ, ಕಣಿವೆ, ಸರೋವರ, ಪಾಳುಬಿದ್ದ ಕೋಟೆಗಳು, ನಡುವೆ ಕತ್ತಿ ಹಿಡಿದ ಒಬ್ಬ ಅಲೆಮಾರಿ. ಆಟದ ಶುರುವಿನಲ್ಲೇ ಮುದಿರಾಜನೊಬ್ಬ ಬಂದು ಅಲೆಮಾರಿಯ ಕೈ ಹಿಡಿದು, ಬಡಗಣ ಕೋಟೆಯನ್ನು ರಾಕ್ಷಸ ಹಿಡಿದಿದ್ದಾನೆ, ರಾಜ್ಯ ಅಪಾಯದಲ್ಲಿದೆ, ಈಗಲೇ ಹೊರಡು ಎಂದು ಬೇಡಿಕೊಳ್ಳುತ್ತಾನೆ. ಉಮರಾಕ ಆ ಮಾತನ್ನೆಲ್ಲ ಮರ್ಯಾದೆಯಿಂದ ಕೇಳಿ ನೇರ ತೆಂಕು ದಿಕ್ಕಿಗೆ ಹೊರಟರು. ಅಲ್ಲಿ ದೂರದಲ್ಲಿ ಏನೋ ಹೊಳೆಯುತ್ತಿತ್ತಂತೆ.

"ರಾಜ್ಯ ಅಪಾಯದಲ್ಲಿದೆ ಅಂತಲ್ಲ ಉಮರಾಕ?" ಎಂದೆ.

"ರಾಜ್ಯ ಯಾವಾಗ ಅಪಾಯದಲ್ಲಿ ಇರ್ಲಿಲ್ಲ ಮಾಷ್ಟ್ರೇ? ನಾನು ಹುಟ್ಟಿದಾಗಿಂದ ಕೇಳ್ತಾ ಇದ್ದೇನೆ. ಐದೈದು ವರ್ಷಕ್ಕೊಮ್ಮೆ ಜೀಪಲ್ಲಿ ಮೈಕ ಕಟ್ಟಿ ಹೇಳಿಕೊಂಡು ಹೋಗ್ತಾರೆ. ಇವನಾದರೂ ಪಾಪ, ನಡೆದು ಬಂದು ಹೇಳಿದ."

"ಮತ್ತೆ ಆ ರಾಕ್ಷಸ?"

"ಅವನು ಕೋಟೆಯಲ್ಲಿ ಇದ್ದಾನೆ, ಎಲ್ಲಿಗೂ ಹೋಗುವವನಲ್ಲ. ಆ ಹೊಳೆಯುವುದು ಎಂತದು ಅಂತ ಮೊದಲು ನೋಡುವ."

ಹೊಳೆಯುತ್ತಿದ್ದುದು ಒಂದು ಕೆರೆ. ಕೆರೆಯ ನಡುವೆ ಒಂದು ಕಲ್ಲು. ಕಲ್ಲಿನ ಮೇಲೆ ಏನೂ ಇರಲಿಲ್ಲ. ಅಷ್ಟು ದೂರ ಈಜಿ ಹೋಗಿ ಏನೂ ಸಿಗಲಿಲ್ಲವಲ್ಲ ಎಂದು ನಾನು ಮರುಗಿದರೆ ಉಮರಾಕ ನನ್ನನ್ನೇ ಕನಿಕರದಿಂದ ನೋಡಿದರು. "ಇಲ್ಲ ಅಂತ ಗೊತ್ತಾಯ್ತಲ್ಲ ಮಾರಾಯ್ರೆ."

ಸುದ್ದಿ ಹಬ್ಬಲು ತಡವಾಗಲಿಲ್ಲ. ಬೆಳಗಿನ ನಡಿಗೆಗೆ ಹೋಗುವ ನಿವೃತ್ತರ ಬಳಗವೊಂದು ನಮ್ಮಲ್ಲಿದೆ. ನಾನೂ ಅದರ ಸದಸ್ಯ. ಪೇಟೆಯಿಂದ ಪೆಟ್ರೋಲ್ ಪಂಪಿನವರೆಗೆ ಹೋಗಿ, ಪಂಪನ್ನು ಕೈಯಿಂದ ಮುಟ್ಟಿದಂತೆ ಮಾಡಿ, ಅದೇ ರಸ್ತೆಯಲ್ಲಿ ಹಿಂದೆ ಬರುತ್ತೇವೆ. ಎಷ್ಟೋ ವರ್ಷಗಳಿಂದ ಒಂದು ಅಡ್ಡದಾರಿಗೂ ಕಾಲಿಟ್ಟವರಲ್ಲ. ಈ ವಯಸ್ಸಿನಲ್ಲಿ ಇವರಿಗೆ ಕುಳಿತಲ್ಲೇ ಅಲೆಯುವ ಹುಚ್ಚು ಹಿಡಿಯಿತಲ್ಲ ಎಂದು ಬಳಗ ವ್ಯಥೆಪಟ್ಟಿತು. ಮಸೀದಿಯ ಹಿರಿಯರು ತಲೆಯಾಡಿಸಿದರು. ಭಜನಾ ಮಂದಿರದ ಹಿರಿಯರೂ ತಲೆಯಾಡಿಸಿದರು. ಎರಡು ಕಡೆಯವರೂ ಒಂದೇ ವಿಷಯಕ್ಕೆ ಒಂದೇ ದಿಕ್ಕಿನಲ್ಲಿ ತಲೆಯಾಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಊರಿನ ಸೌಹಾರ್ದಕ್ಕೆ ಉಮರಾಕನ ಕೊಡುಗೆ ಎಂದು ಅದನ್ನು ಯಾರೂ ಗುರುತಿಸಲಿಲ್ಲ.

ಆಗ ಬಂದದ್ದು ಹೈಸ್ಕೂಲಿನ ಜಾಗೃತಿ ಕಾರ್ಯಕ್ರಮ. 'ಪರದೆಯ ಪಿಡುಗು ಮತ್ತು ಯುವಜನಾಂಗ' ಎಂಬ ವಿಷಯದ ಮೇಲೆ ಉಪನ್ಯಾಸ ನನ್ನದು. ಈ ಭಾಷಣ ನನಗೆ ಬಾಯಿಪಾಠ. ಅದು ಮೊದಲು ವಿಡಿಯೋ ಕ್ಯಾಸೆಟ್ಟಿನ ಮೇಲೆ ಇತ್ತು, ಮುಂದೆ ಟಿ.ವಿ. ಧಾರಾವಾಹಿಗಳ ಮೇಲಾಯಿತು, ಈಗ ಮೊಬೈಲು ಮತ್ತು ಗೇಮುಗಳ ಮೇಲೆ. ಎರಡು ಮೂರು ಪದ ಬದಲಾಯಿಸಿದರೆ ಸಾಕಾಗುತ್ತಿತ್ತು, ಯುವಜನಾಂಗ ಮಾತ್ರ ಪ್ರತಿಸಲವೂ ಹಾಳಾಗುತ್ತಲೇ ಇತ್ತು. ಮುಖ್ಯ ಅತಿಥಿ ಉಮರಾಕ. ಶಾಲೆಯ ಹಳೆವಿದ್ಯಾರ್ಥಿ, ಸಭಾಂಗಣಕ್ಕೆ ಫ್ಯಾನು ಹಾಕಿಸಿದವರು. ಅವರು ಮನೆಯಲ್ಲಿ ಏನು ಮಾಡುತ್ತಿದ್ದಾರೆ ಎಂಬುದು ಹೊಸದಾಗಿ ವರ್ಗವಾಗಿ ಬಂದ ಹೆಡ್‌ಮಾಸ್ಟರರಿಗೆ ತಿಳಿದಿರಲಿಲ್ಲ.

ನಾನು ಮುಕ್ಕಾಲು ಗಂಟೆ ಮಾತಾಡಿದೆ. ಆಟಗಳು ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕುತ್ತವೆ, ಪ್ರಕೃತಿಯಿಂದ ದೂರ ಮಾಡುತ್ತವೆ ಎಂದೆಲ್ಲ ಹೇಳಿ ಬೆವರೊರೆಸಿಕೊಂಡು ಕುಳಿತೆ. ಚಪ್ಪಾಳೆಯಾಯಿತು. ಉಮರಾಕ ಎದ್ದು ಮೈಕಿನ ಮುಂದೆ ನಿಂತರು.

"ಮಾಷ್ಟ್ರು ಹೇಳಿದ್ದು ಸರಿ ಉಂಟು. ಅವರು ಕಲಿತವರು. ಆದರೆ ನಾನು ಗೇಮ್ ಆಡ್ತೇನೆ ಮಕ್ಕಳೇ."

ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ನೆಟ್ಟಗಾದರು.

"ಅದರಲ್ಲಿ ಒಂದು ನಾಡು ಉಂಟು. ಅಲ್ಲಿ ಯಾರೂ ನನ್ನ ಹತ್ರ ಕೇಳುವುದಿಲ್ಲ, ನೀನು ಯಾರ ಮಗ, ಎಷ್ಟು ಮಾರ್ಕು, ಎಂತಕ್ಕೆ ಬಂದದ್ದು, ಅಂತ. ಕಂಡ ದಾರಿಯಲ್ಲಿ ಹೋಗ್ಲಿಕ್ಕೆ ಆಗ್ತದೆ. ಬಿದ್ದರೆ ಬಿದ್ದೆ. ಪುನಃ ಹತ್ತುವುದು. ನಾನು ಒಂದು ಗುಡ್ಡದಿಂದ ಎಷ್ಟು ಸಲ ಬಿದ್ದಿದ್ದೇನೆ ಅಂತ ನನಗೇ ನೆನಪಿಲ್ಲ. ಒಂದು ಸಲವೂ ಯಾರೂ ಮನೆಗೆ ಬಂದು ಬುದ್ಧಿ ಹೇಳ್ಲಿಲ್ಲ. ದಿನವಿಡೀ ಆಡಿ ಅಂತ ನಾನು ಹೇಳುವುದಿಲ್ಲ. ಮಸೀದಿಯಲ್ಲಿ ಬಾಂಗ್ ಆದರೆ ನಾನು ಏಳ್ತೇನೆ, ಊಟಕ್ಕೆ ಕರೆದರೆ ಏಳ್ತೇನೆ. ಆದರೆ ದಾರಿ ತಪ್ಪದೆ ಊರು ಗೊತ್ತಾಗುವುದಿಲ್ಲ. ನಿಮಗೆ ದಾರಿ ತಪ್ಪಲಿಕ್ಕೆ ನಾವು ದೊಡ್ಡವರು ಎಲ್ಲಿ ಜಾಗ ಇಟ್ಟಿದ್ದೇವೆ? ಮನೆ, ಬಸ್ಸು, ಶಾಲೆ, ಟ್ಯೂಷನ್."

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವರು ವೇದಿಕೆಯ ಕಡೆ ತಿರುಗಿದರು.

"ನಮಗೆ ದಿನಾ ಗಡಾಯಿಕಲ್ಲು ಕಾಣ್ತದೆ, ಬೆಳ್ತಂಗಡಿಗೆ ಹೋಗುವಾಗ. ಇಷ್ಟು ದೊಡ್ಡ ಬಂಡೆ, ಮೇಲೆ ಕೋಟೆ. ಇಲ್ಲಿ ಕುಳಿತವರಲ್ಲಿ ಅದನ್ನು ಹತ್ತಿದವರು ಯಾರುಂಟು? ನಾನು ಹತ್ತಲಿಲ್ಲ, ಹೇಳಿಬಿಡ್ತೇನೆ."

ವೇದಿಕೆಯಲ್ಲಿ ಪಂಚಾಯತಿನವರು ಇಬ್ಬರು, ಹೆಡ್‌ಮಾಸ್ಟರರು, ನಾನು. ಹೆಡ್‌ಮಾಸ್ಟರರು ನನ್ನನ್ನು ನೋಡಿದರು. ನಾನು ಆ ಬಂಡೆಯ ಮೇಲೆ ಎರಡು ಕವನ ಬರೆದಿದ್ದೇನೆ. ಎರಡೂ ಬಸ್ಸಿನ ಕಿಟಕಿಯಿಂದ. ಮಕ್ಕಳ ನಡುವಿನಿಂದ ಒಬ್ಬಳು ಹುಡುಗಿ ಕೈ ಎತ್ತಿದಳು. ಉಮರಾಕ ಅವಳನ್ನು ಮುಂದೆ ಕರೆದು, ತಮಗೆ ಹಾಕಿದ್ದ ಹಾರವನ್ನು ಅವಳಿಗೆ ಹಾಕಿ ಕುಳಿತುಬಿಟ್ಟರು. ವಂದನಾರ್ಪಣೆಯಲ್ಲಿ ಹೆಡ್‌ಮಾಸ್ಟರರು ಫ್ಯಾನುಗಳಿಗೆ ಮಾತ್ರ ಕೃತಜ್ಞತೆ ಸಲ್ಲಿಸಿದರು.

ಈ ಪ್ರಸಂಗದ ಮುಂದಿನ ಭಾನುವಾರ ಉಮರಾಕನ ಅಳಿಯ ಲತೀಫ್ ಮಾವನ ಮನೆಯಲ್ಲಿ ಒಂದು ಮಾತುಕತೆ ಇಟ್ಟ. ಲತೀಫ್ ಬಂಟ್ವಾಳದಲ್ಲಿ ಫ್ಲ್ಯಾಟು ಕಟ್ಟಿಸುವವನು, ಎಲ್ಲ ಸಮಸ್ಯೆಗಳಿಗೂ ಮೇಸ್ತ್ರಿಯ ಹಾಗೆ ಮೊದಲು ಒಡೆಯಬೇಕಾದ ಜಾಗ ಹುಡುಕುವವನು. ತಿಳಿದವನೆಂದು ನನ್ನನ್ನೂ ಕರೆಸಿದ್ದ. "ಜನ ನಗಾಡ್ತಾರೆ ಮಾಷ್ಟ್ರೇ. ಆ ಪೆಟ್ಟಿಗೆಯನ್ನು ನಾನು ತಕ್ಕೊಂಡು ಹೋಗ್ತೇನೆ. ನೀವು ಒಂದು ಮಾತು ಹೇಳಿ ಕೊಡಿ" ಎಂದ. ಇದನ್ನು ಹೇಳುವಾಗ ಅವನ ಹೆಬ್ಬೆರಳು ಫೋನಿನ ಮೇಲೆ ರೀಲ್ಸುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳುತ್ತಲೇ ಇತ್ತು.

ಉಮರಾಕ ವಾದಿಸಲಿಲ್ಲ. "ಕೊಂಡುಹೋಗು. ಅದಕ್ಕೆ ಮೊದಲು ಒಮ್ಮೆ ಆಡಿ ನೋಡು" ಎಂದು ಅವನ ಕೈಗೆ ರಿಮೋಟು ಕೊಟ್ಟರು.

ಲತೀಫ್ ನೇರ ಬಡಗಣ ಕೋಟೆಗೆ ಓಡಿದ. ಬಾಗಿಲು ದಾಟುವ ಮೊದಲೇ ಸತ್ತ. ಮತ್ತೆ ಓಡಿದ, ಮತ್ತೆ ಸತ್ತ. ನಾಲ್ಕನೆಯ ಸಲ ರಿಮೋಟನ್ನು ಸೋಫಾದ ಮೇಲೆ ಎಸೆದು, ಗೇಮ್ ಸರಿ ಇಲ್ಲ ಎಂದ. ಆಮೇಲೆ ನನ್ನ ಸರದಿ. ನಾನು ಅಲೆಮಾರಿಯನ್ನು ಒಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಅಲ್ಲಿಂದ ಅವನನ್ನು ತಿರುಗಿಸಲು ನನಗೆ ಕೊನೆಗೂ ಸಾಧ್ಯವಾಗಲಿಲ್ಲ.

ಚಹಾದ ಟ್ರೇ ಹಿಡಿದು ಬಂದ ಐಸಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಟ್ರೇ ಕೆಳಗಿಟ್ಟು, "ಇಲ್ಲಿ ಕೊಡಿ" ಎಂದರು. ಅವರು ಅದನ್ನು ಹಿಡಿದದ್ದು ಅದೇ ಮೊದಲು. ಅಲೆಮಾರಿ ಗೋಡೆ ಬಿಟ್ಟು ತಿರುಗಿದ, ಕುಡಿದವನ ಹಾಗೆ ವಾಲಿದ, ಆಮೇಲೆ ಇಳಿಜಾರಿನಲ್ಲಿ ಮೆಲ್ಲಗೆ ಇಳಿಯತೊಡಗಿದ. ಕೆಳಗೆ ಒಂದು ಹೊಳೆ ಕಾಣಿಸಿತು.

"ಆ ನೀರಿಗೆ ಇಳಿಯಲಿಕ್ಕೆ ಆಗ್ತದಾ?" ಎಂದು ಐಸಮ್ಮ ಕೇಳಿದರು.

"ಆಗ್ತದೆ. ಹೋಗು."

"ಆಚೆ ಬದಿಗೆ?"

"ಅದೂ ಆಗ್ತದೆ. ನಾನೂ ಅಲ್ಲಿಗೆ ಹೋಗ್ಲಿಲ್ಲ. ಹೋಗುವ."

ಐಸಮ್ಮ ಗಂಡನ ಪಕ್ಕ ಸೋಫಾದ ಅಂಚಿನಲ್ಲಿ ಕುಳಿತರು. ಚಹಾ ಕುಡಿಯಲು ಯಾರೂ ಹೇಳಲಿಲ್ಲ. ಲತೀಫ್ ಎರಡು ಸಲ ಕೆಮ್ಮಿ, ಬಂಟ್ವಾಳದಲ್ಲಿ ಕೆಲಸ ಉಂಟು ಎಂದು ಹೇಳಿ ಹೊರಟ. ಪೆಟ್ಟಿಗೆಯನ್ನು ಒಯ್ಯಲಿಲ್ಲ. ನನ್ನನ್ನು ಗೇಟಿನವರೆಗೆ ಬಿಡಲು ಬಂದ ಉಮರಾಕ ಗೇಟು ಹಿಡಿದುಕೊಂಡು ನಿಂತರು.

"ಮಾಷ್ಟ್ರೇ, ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅಲ್ಲಿ, ಇವಳು ಇಲ್ಲಿ. ರಜೆಯಲ್ಲಿ ಬಂದರೆ ಯಾರದ್ದಾದರೂ ಮದುವೆ, ಯಾರದ್ದಾದರೂ ಸಾವು, ಮಯ್ಯತ್ತು. ನಾವಿಬ್ಬರೇ ಒಟ್ಟಿಗೆ ಹೋದ ಜಾಗ ಎಂದರೆ ಮಂಗಳೂರಿನ ಆಸ್ಪತ್ರೆ. ಊರಿಗೆ ಬಂದು ಕುಳಿತ ಮೇಲೆ ಇವಳ ಹತ್ರ ಎಂತ ಮಾತಾಡುವುದು ಅಂತ ಗೊತ್ತಾಗ್ತಿರ್ಲಿಲ್ಲ. ಕರೆಂಟ್ ಬಂತಾ, ಮೀನು ಬಂತಾ, ಅಷ್ಟೇ." ಗೇಟಿನ ಚಿಲಕವನ್ನು ಹಾಕಿ ತೆಗೆದರು. "ಇವತ್ತು ಅವಳಾಗಿ ಕೇಳಿದಳು ನೋಡಿ, ಆಚೆ ಬದಿಗೆ ಹೋಗ್ಲಿಕ್ಕೆ ಆಗ್ತದಾ ಅಂತ."

ಅಲ್ಲಿಂದ ಮುಂದೆ ಆ ನಾಡಿಗೆ ಇಬ್ಬರೂ ಒಟ್ಟಿಗೆ ಹೋದರು. ಮಧ್ಯಾಹ್ನದ ನಮಾಜು, ಊಟ ಮುಗಿಸಿ ಸೋಫಾದಲ್ಲಿ ಕುಳಿತರೆ ಸಂಜೆಯ ಅಸರ್ ಬಾಂಗಿನವರೆಗೆ ಪ್ರವಾಸ. ಕೈ ಉಮರಾಕನದ್ದು, ದಾರಿ ಐಸಮ್ಮನದ್ದು. ಆ ಹೊತ್ತಿಗೆ ಹೋದರೆ ಒಳಗಿನಿಂದ ಜಗಳ ಕೇಳಿಸುತ್ತಿತ್ತು: ನಾನು ಎಡಕ್ಕೆ ಹೇಳಿದೆ, ನೀವು ಬಲಕ್ಕೆ ಹೋದಿರಿ, ನೀನು ಹೇಳಿದ ಎಡದಲ್ಲಿ ಪ್ರಪಾತ ಉಂಟು, ಕಣ್ಣು ಕಾಣುವುದಿಲ್ಲವಾ. ಹೊಸದಾಗಿ ಮದುವೆಯಾದವರು ಸ್ಕೂಟರಿನಲ್ಲಿ ಹೋಗುವಾಗ ಆಡುವಂಥ ಜಗಳ.

ಉಮರಾಕ ಹೊಡೆದಾಟದವರಲ್ಲ. ದೂರದಲ್ಲಿ ಮೃಗ ಕಂಡರೆ ಅದಕ್ಕೆ ತೊಂದರೆ ಕೊಡದೆ ಸುತ್ತುಬಳಸಿ ಹೋಗುವವರು. ಆದರೆ ಒಂದು ಸೇತುವೆಯ ಮೇಲೆ ಕೊಂಬಿನ ದೊಡ್ಡ ಮೃಗವೊಂದು ಅಡ್ಡ ಮಲಗಿತ್ತು. ಅದನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ದಿನಾ ಹೋಗಿ ದಿನಾ ಸತ್ತು ಬರುತ್ತಿದ್ದರು. ನಡಿಗೆಯ ಬಳಗದವರು ಬೆಳಗ್ಗೆ ನನ್ನಲ್ಲಿ, "ನಿನ್ನೆ ಎಂತ ಆಯ್ತು?" ಎಂದು ತಮಾಷೆಗೆ ಕೇಳತೊಡಗಿ, ಕ್ರಮೇಣ ತಮಾಷೆ ಬಿಟ್ಟು ಕೇಳತೊಡಗಿದರು. ಕೊನೆಗೆ ಐಸಮ್ಮ ಹೇಳಿದರು, "ಅದು ಹಾಯುವ ಮೊದಲು ಬಾಲ ಎತ್ತುತ್ತದೆ, ನಮ್ಮ ತವರಿನ ಎಮ್ಮೆಯ ಹಾಗೆ. ಬಾಲ ನೋಡಿ, ಕೊಂಬು ನೋಡಬೇಡಿ." ಆ ದಿನ ನಾನೂ ಅಲ್ಲಿದ್ದೆ. "ಬಾಲ! ಬಾಲ!" ಎಂದು ಐಸಮ್ಮ ಕೂಗಿದರು, ಉಮರಾಕ ಸೋಫಾದಲ್ಲೇ ಹಾರಿದರು, ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ. ಮೃಗ ಹೊಳೆಗೆ ಬಿತ್ತು. ಐಸಮ್ಮ ತಲೆಯ ಸೆರಗು ಸರಿಮಾಡಿಕೊಂಡು, "ಪಾಪ" ಎಂದರು. ಮರುದಿನ ಬೆಳಗ್ಗೆ ಪೆಟ್ರೋಲ್ ಪಂಪಿನ ಹತ್ತಿರ ಬಳಗಕ್ಕೆ ಈ ಯುದ್ಧವನ್ನು ವರ್ಣಿಸಿದವನು ನಾನೇ. ಆಮೇಲೆ ಯಾರೂ ನನ್ನನ್ನು ಪರದೆಯ ಪಿಡುಗಿನ ಮೇಲೆ ಮಾತಾಡಲು ಕರೆಯಲಿಲ್ಲ.

ಉಮರಾಕ ತೀರಿಕೊಂಡದ್ದು ಒಂದು ಶುಕ್ರವಾರ. ಮಸೀದಿಯಿಂದ ಬಂದು, ಊಟ ಮಾಡಿ, ಸ್ವಲ್ಪ ಆಡಿ, "ಸುಸ್ತಾಗ್ತದೆ, ಮಲಗಿ ಬರ್ತೇನೆ" ಎಂದು ಕೋಣೆಗೆ ಹೋದವರು ಏಳಲಿಲ್ಲ. ಮಗ ದುಬಾಯಿಯಿಂದ ಬಂದು ಹೋದ. ಲತೀಫ್ ಅಂಗಳದಲ್ಲಿ ಕುರ್ಚಿ ಜೋಡಿಸುತ್ತ ಚಿಕ್ಕ ಮಕ್ಕಳ ಹಾಗೆ ಅತ್ತ. ಐಸಮ್ಮ ಇದ್ದತ್ತಿನಲ್ಲಿ ಕುಳಿತರು. ಗಂಡನನ್ನು ಕಳೆದುಕೊಂಡವರು ಅವರಲ್ಲಿ ಕೆಲವು ತಿಂಗಳು ಮನೆಯಿಂದ ಹೊರಗೆ ಬರುವಂತಿಲ್ಲ, ಪರಗಂಡಸರನ್ನು ಕಾಣುವಂತಿಲ್ಲ. ಹಾಗಾಗಿ ನಾನು ಹೋಗುವ ಹಾಗಿರಲಿಲ್ಲ. ನನ್ನ ಹೆಂಡತಿ ಸುಮತಿ ದಿನಾ ಹೋಗಿ ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದಳು.

ಒಂದು ದಿನ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು: "ಐಸಮ್ಮ ನಿಮ್ಮಲ್ಲಿ ಒಂದು ಮಾತು ಕೇಳ್ಲಿಕ್ಕೆ ಹೇಳಿದ್ದಾರೆ. ಮಲಗಲಿಕ್ಕೆ ಹೋಗುವ ಮೊದಲು ಉಮರಾಕ ಆ ಟಿ.ವಿ.ಯ ಮನುಷ್ಯನನ್ನು ಒಂದು ಕಣಿವೆಯ ಬಾಯಲ್ಲಿ ನಿಲ್ಲಿಸಿ ಹೋದದ್ದಂತೆ. ಈಗಲೂ ಅವನು ಅಲ್ಲೇ ನಿಂತಿದ್ದಾನಂತೆ. ಇವರು ರಿಮೋಟು ಮುಟ್ಟಿದರೆ ಅವನು ಅಲ್ಲಿಂದ ಹೋಗ್ತಾನೆ. ಮುಟ್ಟುವುದಾ, ಹಾಗೇ ಬಿಡುವುದಾ ಅಂತ ಮಾಷ್ಟ್ರಲ್ಲಿ ಕೇಳಿ ಅಂದರು."

ನಾನು ಕನ್ನಡಕ ತೆಗೆದು ಒರೆಸಿದೆ. ಹಾಕಿಕೊಂಡು, ಮತ್ತೆ ತೆಗೆದೆ.

"ನೀವು ಉತ್ತರ ಹುಡುಕುವಾಗ ಸಂಜೆ ಆಗ್ತದೆ ಅಂತ ನಾನೇ ಹೇಳಿ ಬಂದೆ" ಎಂದಳು ಸುಮತಿ.

"ಏನಂತ?"

"ನಿಲ್ಲಿಸಿ ಇಟ್ಟರೆ ಅವರಿಗೆ ಹಿಡಿಸ್ಲಿಕ್ಕಿಲ್ಲ ಐಸಮ್ಮ, ಕಣಿವೆಯ ಆಚೆ ಎಂತ ಉಂಟು ಅಂತ ನೋಡಿ ಬರುವ, ನಾಳೆ ನಾನೂ ಬರ್ತೇನೆ, ಅಂತ."

ಮರುದಿನ ಸುಮತಿ ಬೇಗ ಅಡಿಗೆ ಮುಗಿಸಿ, ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು, ಬಸ್ಸಿಗೆ ಹೊರಟವಳ ಹಾಗೆ ಅವಸರದಲ್ಲಿ ಆ ಮನೆಗೆ ಹೋದಳು. ಮಧ್ಯಾಹ್ನದ ಊಟವನ್ನು ನಾನೊಬ್ಬನೇ ಬಡಿಸಿಕೊಂಡೆ.