ಅತ್ತೆಯ ಒಂದೇ ಒಂದು ಫೋಟೋ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಭೂತ, ಪವಾಡ ಅಂದರೆ ನನಗೆ ಮೈ ಉರಿಯುತ್ತದೆ. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ "ನಮ್ಮೂರ ಹುಣಸೇಮರದ ಹತ್ರ ಒಂದ್ಸಲ..." ಅಂತ ಶುರು ಮಾಡಿದರೆ ಸಾಕು, "ನಿಲ್ಲಿಸ್ರೀ ನಿಮ್ಮ ಅಡಗೂಲಜ್ಜಿ ಕಥೆ" ಅಂತ ಬಾಯಿ ಮುಚ್ಚಿಸಿದ್ದೇನೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ.

ಕೆಲವು ವರ್ಷದ ಹಿಂದೆ ನನಗೆ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಕ್ಯಾಮೆರಾ ಏನೋ ಕೊಂಡೆ, ಕಲಿಸುವವರು ಬೇಕಲ್ಲ? ಫೋಟೋ ಹಂಚಿಕೊಳ್ಳುವ ಒಂದು ವೆಬ್‌ಸೈಟೇ ನನ್ನ ಗುರುವಾಯಿತು. ಅಲ್ಲೊಂದು ಗುಂಪಿತ್ತು. ವಾರಕ್ಕೊಂದಾದರೂ ಫೋಟೋ ಹಾಕಬೇಕು, ಉಳಿದವರು ಮುಲಾಜಿಲ್ಲದೆ ತಪ್ಪು ಹೇಳುತ್ತಾರೆ. ನಾನು ಕೆಲಸ ಮಾಡುವ ಕೈಗಳನ್ನೇ ಒಂದು ಪ್ರಾಜೆಕ್ಟು ಅಂತ ಹಿಡಿದೆ. ಅಡಿಕೆ ಸುಲಿಯುವ ಕೈ, ಹೂ ಕಟ್ಟುವ ಕೈ, ಸಂತೆಯಲ್ಲಿ ವೀಳ್ಯದೆಲೆ ಎಣಿಸುವ ಕೈ. ನೆರಳು ಕಪ್ಪಗೆ ಬೀಳುತ್ತಿದೆ, ಎದುರಿಗೆ ಬಿಳಿ ಥರ್ಮಾಕೋಲ್ ಹಿಡಿಸಿ, ಬಿಸಿಲು ಅದಕ್ಕೆ ಬಡಿದು ನೆರಳಿನ ಕಡೆಗೆ ತಿರುಗುತ್ತದೆ ಅಂತ ಗುಂಪಿನ ಹಿರಿಯರೊಬ್ಬರು ಬರೆದರು. ಹಿಡಿಯುವವರು ಯಾರು? ನಮ್ಮತ್ತೆ.

ಹೌದು, ನನ್ನ ಗಂಡನ ತಾಯಿ. ಕುಣಿಗಲ್ ಕಡೆಯವರು, ಅರವತ್ತು ದಾಟಿತ್ತು. ಟೀವಿ ಡಬ್ಬದಲ್ಲಿ ಬಂದ ಥರ್ಮಾಕೋಲ್ ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹಿಂದೆ ಸಂತೆ, ತೋಟ, ದೇವರಾಯನದುರ್ಗದ ಮೆಟ್ಟಿಲು ಎಲ್ಲ ಸುತ್ತಿದರು. ಜನ ಗುಂಪುಗೂಡಿದರೆ ನನಗಿಂತ ಮೊದಲು ಅವರೇ ರೇಗುತ್ತಿದ್ದರು: "ಅತ್ಲಾಗ್ ಸರೀರಪ್ಪ, ಬೆಳಕು ಬುಡ್ರಿ! ನಮ್ಮುಡುಗಿ ಕೆಲ್ಸ ಮಾಡ್ಬೇಕು." ಎಷ್ಟೋ ಫೋಟೋಗಳ ಅಂಚಿನಲ್ಲಿ ಅವರ ಬಳೆಯೋ, ಸೆರಗೋ, ಅರ್ಧ ಭುಜವೋ ಬಂದುಬಿಡುತ್ತಿತ್ತು. ಅದನ್ನೆಲ್ಲ ಕತ್ತರಿಸಿ ವೆಬ್‌ಸೈಟಿಗೆ ಹಾಕುತ್ತಿದ್ದೆ. ಜಾಗ ಸಾಲದೆ ಮೂಲ ಫೋಟೋಗಳನ್ನು ಅಳಿಸಿಬಿಡುತ್ತಿದ್ದೆ.

ಒಂದು ದಿನ ಸಂತೆಯಲ್ಲಿ, ಹಸಿರು ಸೀರೆ ಉಟ್ಟು ಬಂದಿದ್ದ ಅತ್ತೆ, "ನಂದೂ ಒಂದು ತೆಗಿಯವ್ವ" ಅಂದರು. ಬಿಸಿಲು ನೆತ್ತಿಯ ಮೇಲಿತ್ತು. "ಈಗ ಬೇಡ ಅತ್ತೆ, ಕಣ್ಣ ಕೆಳಗೆ ನೆರಳು ಬೀಳುತ್ತೆ. ಸಂಜೆ ತೆಗೀತೀನಿ" ಅಂದೆ. "ಆಯ್ತು ಬುಡು" ಅಂದರು. ಸಂಜೆ ನನಗೆ ಮರೆತುಹೋಯಿತು. ಅವರು ಮತ್ತೆ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ತುಮಕೂರಿನ ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದುಹೋಗಿತ್ತು.

ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ, ಹನ್ನೊಂದನೇ ದಿನದ ಕಾರ್ಡು ಅಚ್ಚಿಗೆ ಕೊಡಬೇಕು, ಫೋಟೋ ಕೊಡು ಅಂದರು ನನ್ನ ಗಂಡ. ಎಲ್ಲರೂ ನನ್ನ ಮುಖ ನೋಡಿದರು. ಮನೆಯಲ್ಲಿ ಕ್ಯಾಮೆರಾ ಇರುವವಳು ನಾನೇ ತಾನೆ? ಇವಳು ತೆಗೆದಿರುತ್ತಾಳೆ ಅಂತ ಯಾರೂ ಫೋನಿನಲ್ಲೂ ಸರಿಯಾಗಿ ತೆಗೆದಿರಲಿಲ್ಲ. ನಮ್ಮ ಮದುವೆ ಆಲ್ಬಮ್ಮಿನಲ್ಲಿ ಯಾರದೋ ಹೆಗಲ ಹಿಂದೆ ಅರ್ಧ ಮುಖ. ಆಧಾರ್ ಕಾರ್ಡಿನಲ್ಲಿ ಇರುವವರು ಅತ್ತೆ ಅಂತ ಹೇಳಿದರೆ ಅತ್ತೆಯೇ ಒಪ್ಪುತ್ತಿರಲಿಲ್ಲ. ಅದನ್ನೇ ಹಾಕಿಸೋಣವಾ ಅಂತ ನಾದಿನಿ ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಟಮಟ ಮಧ್ಯಾಹ್ನ. ಹೊರಗೆ ನೆಂಟರು ಊಟಕ್ಕೆ ಕೂತಿದ್ದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ವೆಬ್‌ಸೈಟಿನಲ್ಲಿ ಎರಡು ಸಾವಿರ ಚಿಲ್ಲರೆ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಊರಿನವರ ಕೈಯೆಲ್ಲ ಇತ್ತು. ಅತ್ತೆ ಇರಲಿಲ್ಲ. ಒಂದು ಗೋಡೆಯ ಮೇಲೆ ಅವರ ನೆರಳು, ಇನ್ನೊಂದರಲ್ಲಿ ಥರ್ಮಾಕೋಲಿನ ತುದಿ ಹಿಡಿದ ಎರಡು ಬೆರಳು. ಅಷ್ಟೇ. ಕಣ್ಣೀರಿಗೆ ಪರದೆ ಮಂಜಾಯಿತು.

ಕೊನೆಗೆ ಕುಣಿಗಲ್ ಕೆರೆಯ ಫೋಟೋಗಳು ಬಂದವು. ಅತ್ತೆಯ ತವರಿಗೆ ಹೋಗುವಾಗ ನಾವಿಬ್ಬರೇ ಬಸ್ಸಿಳಿದು ತೆಗೆದದ್ದು. ಒಂದರಲ್ಲಿ ಬಲೆ ಬಿಡಿಸುವ ಮೀನುಗಾರನ ಕೈ, ಆಮೇಲಿನದರಲ್ಲಿ ಒಣಗಲು ಹಾಕಿದ ಬಲೆ. ಎರಡೂ ನನಗೆ ಚೆನ್ನಾಗಿ ನೆನಪಿವೆ. ಅವೆರಡರ ನಡುವೆ ಇನ್ನೊಂದು ಫೋಟೋ ಇತ್ತು.

ಅತ್ತೆ ಕೆರೆಯ ಕಲ್ಲುಮೆಟ್ಟಿಲ ಮೇಲೆ ಕೂತಿದ್ದಾರೆ. ಥರ್ಮಾಕೋಲ್ ಹಾಳೆ ತೊಡೆಯ ಮೇಲೆ ಮಲಗಿದೆ. ನಡು ಮಧ್ಯಾಹ್ನದ ಬಿಸಿಲು ಅದಕ್ಕೆ ಬಡಿದು ಅವರ ಮುಖದ ತುಂಬ ಹರಡಿದೆ. ಕಣ್ಣ ಕೆಳಗೆ ಒಂದು ಚೂರೂ ನೆರಳಿಲ್ಲ. ನೇರ ಎದುರಿಗೆ ನೋಡಿ, ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಅವರ ಪಕ್ಕದಲ್ಲಿ, ಎರಡು ಮೆಟ್ಟಿಲು ಕೆಳಗೆ, ಬಗ್ಗಿ ಮುಖ ತೊಳೆಯುತ್ತಿರುವವಳು ನಾನು. ನನ್ನ ಬೆನ್ನ ಮೇಲೆ ಕ್ಯಾಮೆರಾ ನೇತಾಡುತ್ತಿದೆ.

ನನ್ನ ಹತ್ತಿರ ಇದ್ದದ್ದು ಅದೊಂದೇ ಕ್ಯಾಮೆರಾ. ಫೋಟೋದ ವಿವರ ತೆಗೆದು ನೋಡಿದೆ. ಅದೇ ಕ್ಯಾಮೆರಾ, ಅದೇ ಲೆನ್ಸು, ನನ್ನದೇ ಖಾತೆ. ಹಿಂದಿನ ಫೋಟೋಗೂ ಮುಂದಿನದಕ್ಕೂ ನಡುವೆ ಕ್ಯಾಮೆರಾ ಕೊಡಬೇಕಾದ ಕ್ರಮಸಂಖ್ಯೆಯೇ ಅದಕ್ಕಿತ್ತು. ನನ್ನ ಎಂಥ ಕೆಟ್ಟ ಫೋಟೋವನ್ನೂ ಗುಂಪಿನವರು ಹತ್ತಾರು ಜನ ನೋಡಿರುತ್ತಿದ್ದರು. ಅದನ್ನು ನೋಡಿದವರ ಲೆಕ್ಕ ಸೊನ್ನೆ. ಹೊರಗೆ ಯಾರೋ ಸಾರು ಕೇಳುತ್ತಿದ್ದರು.

ನನ್ನ ಗಂಡನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆ ಮೀನುಗಾರ ಅವನ ಫೋನಿನಲ್ಲಿ ತೆಗೆದಿರಬಹುದು ಅಂದರು. ಅವನ ಫೋನಿನದು ನನ್ನ ಕ್ಯಾಮೆರಾದ ಲೆಕ್ಕಕ್ಕೆ ಹೇಗೆ ಬರುತ್ತೆ ಅಂದೆ. ಅವರು ಟವೆಲಿನಿಂದ ಕಣ್ಣೊರೆಸಿಕೊಂಡು, "ನಮ್ಮವ್ವ ನಗ್ತಾವ್ಳೆ, ಅಷ್ಟು ಸಾಕು ಕಣೇ" ಅಂದರು. ಅಚ್ಚಿನ ಅಂಗಡಿಯವನು ನನ್ನನ್ನು ಕತ್ತರಿಸಿ ಅತ್ತೆಯನ್ನಷ್ಟೇ ಕಾರ್ಡಿಗೆ ಹಾಕಿದ.

ವಿಜ್ಞಾನ ಓದಿದವಳು ಸುಮ್ಮನಿರಲಿಲ್ಲ. ಗುಂಪಿನಲ್ಲಿ ಕೇಳಿದೆ, ಕ್ಯಾಮೆರಾ ರಿಪೇರಿಯವನನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು, ಯಾವುದೂ ತಾಳೆಯಾಗಲಿಲ್ಲ. ಆಮೇಲೆ ಕೇಳುವುದನ್ನೂ ಬಿಟ್ಟೆ. ಕ್ಯಾಮೆರಾ ಬೀರುವಿನಲ್ಲಿದೆ.

ಕಾರ್ಡಿಗೆ ಕತ್ತರಿಸಿದ ಆ ಫೋಟೋವೇ ನಡುಮನೆಯ ಗೋಡೆಗೂ ಬಂತು. ಬಂದವರೆಲ್ಲ ಹೊಗಳುತ್ತಾರೆ, ನಾನು ಹೂಂ ಅನ್ನುತ್ತೇನೆ. ಮೊನ್ನೆ ಅತ್ತೆಯ ತಂಗಿ ಕುಣಿಗಲ್‌ನಿಂದ ಬಂದಿದ್ದರು. ಅದರ ಮುಂದೆ ನಿಂತು ಅತ್ತು, ನನ್ನ ಕೆನ್ನೆ ಸವರಿ, "ನಿನ್ ಕೈಯಾಗೆ ಒಂದು ಫೋಟೋ ತೆಗಿಸ್ಕೋಬೇಕು ಅಂತ ಅಕ್ಕಂಗೆ ಬೋ ಆಸೆ ಇತ್ತು ಕಣವ್ವ. ಅಂತೂ ತೆಗ್ದೆ ನೋಡು, ಪುಣ್ಯಾತ್ಗಿತ್ತಿ" ಅಂದರು.

ಅವರಿಗೂ ಹೂಂ ಅಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತುಬಿಟ್ಟೆ. ಅದನ್ನು ಯಾರು ತೆಗೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ತೆಗೆಯಲಿಲ್ಲ.